ಎಡಗೈಯವನು ಕೊರೆದ ಕೊಳಲು

ಅಧ್ಯಕ್ಷರಾದ ಮೇಯರ್ ಅವರೇ, ವಾದ್ಯ ತಯಾರಕರ ಸಂಘದ ಹಿರಿಯರೇ, ಮಾರ್ಕ್‌ನಾಯ್ಕಿರ್ಶೆನ್ ಊರಿನ ಬಂಧುಗಳೇ, ಚಳಿಯಲ್ಲೂ ಬಂದು ಕುಳಿತ ಸಭಿಕರೇ,

ನಲವತ್ತು ವರ್ಷಗಳ ಕಾಲ ಹಳೆಯ ಕೊಳಲು, ಓಬೋ, ಕ್ಲಾರಿನೆಟ್‌ಗಳಿಗೆ ಬೆಲೆ ಕಟ್ಟಿದವನಿಗೆ ಇಂದು ನೀವು ಶಾಲು ಹೊದಿಸಿದ್ದೀರಿ. ಶಾಲು ಅಸಲಿ ಉಣ್ಣೆಯದು. ಮುಟ್ಟಿ ನೋಡಿದೆ, ಅಭ್ಯಾಸಬಲ.

ನನಗಿಂತ ಮೊದಲು ಮಾತನಾಡಿದವರು "ಗ್ಲೀರ್ ಅವರ ಕಣ್ಣಿಗೆ ಸುಳ್ಳು ಸಿಕ್ಕಿಬೀಳದೆ ಇರದು" ಎಂದರು. ಹೇಗೆ ಸಿಕ್ಕಿಬೀಳುತ್ತದೆ? ಎಲ್ಲರೂ ಮೊದಲು ತಯಾರಕನ ಮುದ್ರೆ ನೋಡುತ್ತಾರೆ. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ನಾನು ಮರವನ್ನು ಅಳೆಯುತ್ತೇನೆ. ಮರ ಇನ್ನೂರು ವರ್ಷ ಒಣಗಿದರೆ ಒಂದು ಕಡೆ ಹೆಚ್ಚು ಕುಗ್ಗಿ, ಒಳಗಿನ ದುಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಬೆರಳಿಡುವ ತೂತುಗಳ ಒಳ ಅಂಚು ನೋಡುತ್ತೇನೆ. ಅಲ್ಲಿ ಕೆತ್ತಿದವನ ಕೈ ಇರುತ್ತದೆ.

ತೊಂಬತ್ತೆರಡರ ವಸಂತದಲ್ಲಿ ಆಡೋರ್ಫ್ ಊರಿನಿಂದ ಹನ್ನೆಲೋರ್ ಪಾಯ್ಕರ್ ಎಂಬ ಹೆಂಗಸು ಒಂದು ಕೊಳಲು ತಂದರು. ದಂತದ ಉಂಗುರ, ತೂತು ಮುಚ್ಚುವ ಬೆಳ್ಳಿಯ ಕೀಲಿಗಳು, ಡ್ರೆಸ್ಡೆನ್ನಿನ ಹಳೆಯ ಕುಶಲಕರ್ಮಿಯೊಬ್ಬನ ಮುದ್ರೆ. ಅವರ ಗಂಡ ಎಗೋನ್ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು.

"ಆಗಿನ ಸರ್ಕಾರದ ಕಾಲದಲ್ಲಿ ಹೆಸರು ಬರೆಸಿ ಹದಿಮೂರು ವರ್ಷ ಕಾದು ಬಂದ ವಾರ್ಟ್‌ಬರ್ಗ್ ಕಾರನ್ನ ಕೊಟ್ಟು ಇದನ್ನ ತಂದ್ರು, ಪುಣ್ಯಾತ್ಮರು. ಒಂದೇ ವಾರ ಓಡಿಸಿದ್ವಿ. ಆಮೇಲೆ ನಾನು, ಮಗು ಎಲ್ಲಾ ಕಡೆ ನಡಕೊಂಡೇ ಹೋಗಿದ್ದು," ಎಂದು ನಕ್ಕರು. "ಬೈದೆ. ಆದ್ರೆ ದಿನಾ ಸಾಯಂಕಾಲ ಊದೋರು. ಕೇಳ್ತಾ ಕೇಳ್ತಾ ಬೈಯೋದು ಬಿಟ್ಟೆ."

ನಾನು ಒಳಸುತ್ತು ಅಳೆಯುವ ಕ್ಯಾಲಿಪರ್ ಹಾಕಿದೆ. ಒಳಗೆ ನಾಣ್ಯದಷ್ಟು ದುಂಡಗಿತ್ತು. ತೂತುಗಳ ಓರೆ ಎಡಗೈಯವನದು.

"ಇದು ನಕಲು, ಅಮ್ಮಾ. ಇನ್ನೂರು ಮಾರ್ಕ್ ಬರಬಹುದು."

ಅವರು ಕೊಳಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. "ಮಾಡಿದೋರು ಯಾರು?"

"ಗೊತ್ತಿಲ್ಲ," ಎಂದೆ.

ನನ್ನ ತಂದೆ ಆರ್ನೋ ಗ್ಲೀರ್ ಎಡಗೈಯವರು. ಇಲ್ಲಿರುವ ಹಿರಿಯರಿಗೆ ಅದು ನೆನಪಿದೆ. ಅವರ ಬಳಿ ಬೂದು ಬಣ್ಣದ ವಾರ್ಟ್‌ಬರ್ಗ್ ಇದ್ದದ್ದೂ ನೆನಪಿರಬಹುದು. ನನ್ನ ಮದುವೆಯ ದಿನ ಚರ್ಚಿಗೆ ಹೋದದ್ದು ಅದರಲ್ಲೇ.

ಆ ಮಧ್ಯಾಹ್ನ ಅಪ್ಪನ ಕಾರ್ಯಾಗಾರಕ್ಕೆ ಹೋಗಿ ಅವರಿಗೆ ವಿಷಯ ಹೇಳಿದೆ.

"ಕಾರಿನವನ ಹೆಂಡ್ತಿಯಾ? ಏನಂದೆ ಅವಳಿಗೆ?"

"ನಕಲು ಅಂದೆ."

"ಯಾರದ್ದು ಅಂದೆ?"

"ಗೊತ್ತಿಲ್ಲ ಅಂದೆ."

"ಅಪ್ಪನ ಕೈಯೇ ಗೊತ್ತಾಗ್ಲಿಲ್ಲ ಅಂದ್ರೆ ನೀನೆಂಥಾ ಪರೀಕ್ಷಕನೋ!" ಎಂದು ಏಪ್ರನ್ ಬಿಚ್ಚಿದರು. ಎಂಬತ್ತರ ಮುದುಕ. ಕಾರಿನಲ್ಲಿ ಬಿಡುತ್ತೇನೆ ಎಂದೆ. "ಬೇಡ. ಅಲ್ಲಿಗೆ ಕಾರಿನಲ್ಲಿ ಹೋಗೋ ಮುಖ ನನಗಿಲ್ಲ," ಎಂದರು. ತಮ್ಮಲ್ಲಿದ್ದ ಅತ್ಯುತ್ತಮ ಹಳೆಯ ಕೊಳಲನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದರು.

ಹನ್ನೆಲೋರ್ ಅವರ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ನಕಲು ಮಾಡಿ ಕಾರು ಪಡೆದದ್ದನ್ನೆಲ್ಲ ಒಪ್ಪಿಕೊಂಡರಂತೆ. ಅಸಲಿ ಇದು, ಬದಲಿಗೆ ಇಟ್ಟುಕೊಳ್ಳಿ ಎಂದರಂತೆ. ಹನ್ನೆಲೋರ್ ಎರಡನ್ನೂ ಊದಿಸಿ ಕೇಳಿದರು. ಆಮೇಲೆ, "ನಿಮ್ಮದನ್ನ ತಗೊಂಡು ಹೋಗಿ. ನನ್ನ ಗಂಡ ಊದಿದ್ದು ಇದನ್ನ. ಆ ಸುಳ್ಳು ಹೆಸರನ್ನ ಕೆರೆದು ನಿಮ್ಮ ಹೆಸರು ಬರೀರಿ," ಎಂದರು. ಅಪ್ಪ ಅಲ್ಲೇ ಆಲೂಗಡ್ಡೆ ಹೆರೆಯುವ ಚಾಕು ಇಸಿದುಕೊಂಡು ಕೆರೆದು, ತಮ್ಮ ಹೆಸರು ಕೊರೆದು ಬಂದರು.

ಹೊರಡುವಾಗ ಹನ್ನೆಲೋರ್ ಒಂದು ಮಾತು ಕೇಳಿದರಂತೆ: "ನಿಮ್ಮ ಮಗನಿಗೆ ಇದು ಗೊತ್ತಿತ್ತಾ?"

"ಇಲ್ಲ," ಎಂದರಂತೆ ಅಪ್ಪ.

ಸಭಿಕರೇ, ಅಪ್ಪ ಈಗಿಲ್ಲ, ಹನ್ನೆಲೋರ್ ಅವರೂ ಇಲ್ಲ. ಅವರ ಮಗಳು ಉಲ್ರೀಕೆ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾನೇ ಆಹ್ವಾನ ಕಳುಹಿಸಿದ್ದೆ. ಉಲ್ರೀಕೆ ಅವರೇ, ಆ ದಿನ ನನಗೆ ಕ್ಯಾಲಿಪರ್ ಬೇಕಾಗಿರಲಿಲ್ಲ. ಪೆಟ್ಟಿಗೆ ತೆರೆದ ಕೂಡಲೇ ಗೊತ್ತಾಗಿತ್ತು. ಇಪ್ಪತ್ತೈದರ ಪ್ರಾಯದಲ್ಲಿ ಆ ಹೊಸ ಮರಕ್ಕೆ ಆಮ್ಲ ಸವರಿ, ಎಣ್ಣೆ ತಿಕ್ಕಿ, ಇನ್ನೂರು ವರ್ಷದ ಬಣ್ಣ ಬರಿಸಿದವನು ನಾನೇ. ಅಪ್ಪ ಬಸ್ಸಿನಲ್ಲಿ ಹೋದರು. ನಾನು ಅಂಗಡಿಯಲ್ಲಿ ಕುಳಿತಿದ್ದೆ.

ಇದನ್ನು ಕೇಳಿದ ಮೇಲೆ ಶಾಲನ್ನು ಹಿಂದಕ್ಕೆ ಪಡೆಯಬೇಕು ಎನಿಸಿದರೆ ಸಂಘದವರು ಸಂಕೋಚ ಪಡಬಾರದು. ತಾಳ್ಮೆಯಿಂದ ಕೇಳಿದಿರಿ, ಋಣಿ. ಎಲ್ಲರಿಗೂ, ಮೂರನೆಯ ಸಾಲಿಗೆ ವಿಶೇಷವಾಗಿ, ನಮಸ್ಕಾರ.