ಪಾದರಸದ ಜಾಗದಲ್ಲಿ ಎದ್ದ ಗೆರೆ

ಈ ಸಂಜೆಯ ಅಧ್ಯಕ್ಷರೇ, ಪ್ರಯೋಗಾಲಯದ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಮೇಡಂ ಅವರೇ, ಫ್ಯಾನು ತಿರುಗದಿದ್ದರೂ ಕುರ್ಚಿ ಬಿಡದ ಸಭಿಕರೇ,

ನಮ್ಮ ಬೀದಿಯ ಯುವಕರ ಸಂಘದ ಪರವಾಗಿ ಮೇಡಂ ಅವರನ್ನು ಹೊಗಳಲು ನನ್ನನ್ನು ಕರೆದಿದ್ದೀರಿ. ಹೊಗಳಬೇಕೋ ಜಗಳ ತೆಗೆಯಬೇಕೋ ಎಂಬುದು ವೇದಿಕೆ ಹತ್ತುವಾಗಲೂ ತೀರ್ಮಾನವಾಗಿರಲಿಲ್ಲ. ಈಗಲೂ ಆಗಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಟ್ಯೂಬ್‌ಲೈಟ್ ಕಾರ್ಖಾನೆ ಇದೆ. ಟ್ಯೂಬಿನೊಳಗೆ ಪಾದರಸ ಇರುತ್ತದೆ. ಪಾದರಸ ನರಗಳನ್ನು ಕೆಡಿಸುತ್ತದೆ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಕರಪತ್ರಗಳಲ್ಲಿ. ನನ್ನ ಅಕ್ಕನ ಕೈ ನಡುಗಲು ಶುರುವಾದಾಗ ನನಗೆ ಇನ್ನಾವ ಸಾಕ್ಷಿ ಬೇಕಿತ್ತು? ಬೀದಿಯವರೆಲ್ಲರ ಕೂದಲು ಕತ್ತರಿಸಿ ಈ ಪ್ರಯೋಗಾಲಯಕ್ಕೆ ತಂದೆ. ‘ಕ್ಷೌರದಂಗಡಿ ಇಡಬಹುದಿತ್ತಲ್ಲಪ್ಪ’ ಎಂದು ಮೇಡಂ ನಕ್ಕರು.

ಕೂದಲನ್ನು ತೊಳೆದು, ಕೊಳವೆಯಲ್ಲಿ ಮುಚ್ಚಿ, ರಿಯಾಕ್ಟರಿನೊಳಗೆ ಇಡುತ್ತಾರೆ. ನ್ಯೂಟ್ರಾನುಗಳು ಬಡಿದಾಗ ಅದರಲ್ಲಿರುವ ಧಾತುಗಳು ಕೆಲಕಾಲ ವಿಕಿರಣ ಸೂಸುತ್ತವೆ. ಒಂದೊಂದು ಧಾತುವಿನ ಗೆರೆಯೂ ಪರದೆಯ ಮೇಲೆ ತನ್ನದೇ ಜಾಗದಲ್ಲಿ ಏಳುತ್ತದೆ. ಶಿಫಾರಸು ನಡೆಯದ ಸ್ಥಳ ಇದೊಂದೇ ಎಂದುಕೊಂಡೆ.

ಪಾದರಸದ ಜಾಗದಲ್ಲಿ ಎಲ್ಲರ ಕೂದಲಿಗೂ ಗೆರೆ ಎದ್ದಿತು. ನಾನು ಇಲ್ಲಿಂದಲೇ ಫೋನು ಮಾಡಿ ಮೆರವಣಿಗೆ ಗೊತ್ತುಮಾಡಿದೆ.

‘ತಡ್ಕೋಪ್ಪ’ ಎಂದರು ಮೇಡಂ. ‘ಸೆಲೆನಿಯಮ್ ಕೂಡ ಅಲ್ಲೇ ಏಳುತ್ತೆ. ಚೆನ್ನಾಗಿರೋರ ಕೂದಲಲ್ಲೂ ಅದು ಇರುತ್ತೆ. ಆದ್ರೆ ಅದಕ್ಕೆ ಬೇರೆ ಕಡೆನೂ ಗೆರೆ ಇದೆ. ಅದನ್ನ ನೋಡಿ, ಅದರ ಪಾಲು ಕಳೀಬೇಕು.’

ಕಳೆದರು. ಎಲ್ಲರದೂ ಮಾಮೂಲಿ ಮಟ್ಟಕ್ಕೆ ಇಳಿಯಿತು. ನನ್ನ ಅಕ್ಕನದು ಮಾತ್ರ ಇಳಿಯಲಿಲ್ಲ.

‘ನಿಮ್ಮಕ್ಕ ಮುಖಕ್ಕೆ ಏನ್ ಹಚ್ಕೋತಾಳೆ?’

ಎಂಥ ಪ್ರಶ್ನೆ ಎಂದು ಸಿಟ್ಟು ಬಂತು. ಆದರೂ ಕನ್ನಡಿಯ ಹಿಂದಿದ್ದ ಡಬ್ಬಿ ತಂದುಕೊಟ್ಟೆ. ಬೆಳ್ಳಗಾಗುವ ಕ್ರೀಮು, ತಯಾರಿಸಿದವರ ಹೆಸರೂ ಅದರ ಮೇಲಿಲ್ಲ. ಕೂದಲು ಹೋದ ದಾರಿಯಲ್ಲೇ ಅದರ ಒಂದು ಚೂರೂ ಹೋಯಿತು. ಪಾದರಸ ಅದರಲ್ಲಿತ್ತು.

ಅಕ್ಕನಿಗೆ ಇದೇಕೆ ಬೇಕಿತ್ತು? ಮನೆಯಲ್ಲಿ ಯಾರೂ ಅವಳ ಮನಸ್ಸು ನೋಯಿಸಿದವರಲ್ಲ. ಪ್ರೀತಿಯಿಂದ ಎಲ್ಲರೂ ಕಪ್ಪಕ್ಕ ಎಂದೇ ಕರೆಯುತ್ತೇವೆ. ಕರೆಂಟು ಹೋದಾಗ ‘ಒಂದ್ಸಲ ನಗೇ, ಎಲ್ಲಿದೀಯ ಗೊತ್ತಾಗ್ಲಿ’ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ನೀವು ಯಾಕೋ ನಗಲಿಲ್ಲ. ಇರಲಿ.

ನಾನು ಮೇಡಂ ಅವರನ್ನು ಬೇಡಿಕೊಂಡೆ: ವರದಿಯಲ್ಲಿ ಕೂದಲಿನ ವಿಷಯ ಸಾಕು, ಡಬ್ಬಿಯದು ಬೇಡ. ಕಾರ್ಖಾನೆಯವರೇನು ಸಾಚಾಗಳೇ? ಹೋರಾಟಕ್ಕೆ ಒಂದು ತಲೆ ಸಾಲದೇ?

‘ನಿಂಗೆ ಹೋರಾಟ ಸಿಗುತ್ತೆ. ನಿಮ್ಮಕ್ಕ ಅದನ್ನೇ ಹಚ್ಕೊಂಡಿರ್ತಾಳೆ’ ಎಂದು ಎರಡನ್ನೂ ಬರೆದರು.

ನಿನ್ನೆ ಆ ವರದಿಯನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೊದಲು ಹಿಂದಿನ ಗೋದಾಮಿನಲ್ಲಿದ್ದಳು. ಬಣ್ಣ ತಿಳಿಯಾದ ಮೇಲೆ ಮುಂದಿನ ಕೌಂಟರಿಗೆ ಬಂದಳು.

‘ಹಚ್ಕೊಳ್ಳೋದು ಬಿಡ್ತೀನಿ ಕಣೋ’ ಎಂದಳು. ‘ಗೋದಾಮಿಗೆ ವಾಪಸ್ ಕಳಿಸಿದ್ರೆ ಏನ್ ಮಾಡ್ತೀಯ? ನಮ್ಮಂಗಡಿ ಮುಂದೆ ಬಂದು ಕೂಗ್ತೀಯಾ? ಕೂಗೋದಾದ್ರೆ ಏನಂತ ಕೂಗ್ತೀಯ?’

ಸಭಿಕರೇ, ಏನಂತ ಕೂಗಲಿ? ಮಾಲೀಕ ಕ್ರೀಮು ಹಚ್ಚಿಕೋ ಎಂದವನಲ್ಲ. ಕೌಂಟರು ಕೊಟ್ಟ, ಅಷ್ಟೆ. ಅವತ್ತು ಮನೆಯಲ್ಲಿ ಸಿಹಿ ಹಂಚಿದವನು ನಾನು. ಹಾಗಾದರೆ ಯಾರ ಗೇಟಿನ ಮುಂದೆ ನಿಲ್ಲಬೇಕು? ನಾನು ಓದಿದ ಯಾವ ಕರಪತ್ರದಲ್ಲೂ ಇದು ಇಲ್ಲ.

ಇವತ್ತು ಬೆಳಿಗ್ಗೆಯೂ ಅವಳು ಕ್ರೀಮು ಹಚ್ಚಿಕೊಂಡೇ ಕೆಲಸಕ್ಕೆ ಹೋದಳು. ಕೈ ನಡುಗಿ ಹಣೆಯ ಮೇಲೆ ಒಂದಿಷ್ಟು ಹಾಗೇ ಉಳಿದಿತ್ತು. ಒರೆಸಿಕೋ ಎನ್ನುವ ಬದಲು ಅವಳ ಬುತ್ತಿ ಎತ್ತಿಕೊಟ್ಟೆ.

ಈಗ ಮನೆಗೆ ಹೋದರೆ ಅವಳೇ ಬಾಗಿಲು ತೆಗೆಯುತ್ತಾಳೆ. ಏನು ಹೇಳಬೇಕೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ದಯವಿಟ್ಟು ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು ನಿಲ್ಲಿ. ಮೇಡಂ ಅವರಿಗೆ ವಂದನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ ವಂದನೆ. ನಮಸ್ಕಾರ.