ಹಿಟ್ಟು ಉಬ್ಬುವ ಹೊತ್ತು

ದುಬೈಯಲ್ಲಿ ಅಂಥ ಮಳೆಯನ್ನು ನಾವು ಯಾರೂ ಕಂಡಿರಲಿಲ್ಲ. ಇಂಟರ್‌ನ್ಯಾಷನಲ್ ಸಿಟಿಯ ರಸ್ತೆಗಳಲ್ಲಿ ಮೊಣಕಾಲು ಮೀರಿದ ನೀರು, ಲಿಫ್ಟ್ ಬಂದ್, ಸಂಜೆಯಿಂದ ಕರೆಂಟಿಲ್ಲ. ಪಕ್ಕದ ಫ್ಲ್ಯಾಟಿನ ತೌಫೀಕ್, ಅವನ ಹೆಂಡತಿ ಸುಮೀನಾ ಮತ್ತು ನಾನು ಯುಜಿನ್ ಅಂಕಲ್ ಮನೆಯಲ್ಲಿ ಮೇಣದಬತ್ತಿಯ ಸುತ್ತ ಕೂತಿದ್ದೆವು. ಅಂಕಲ್ ಹೆಂಡತಿ ಕ್ಲಾರಾ ಆಂಟಿ, ನೀರು ನುಗ್ಗಿದ ಕೆಳಗಿನ ಮನೆಯ ಬಾಣಂತಿಯನ್ನು ಮೇಲೆ ಕರೆತರಲು ಹೋಗಿದ್ದರು. ಅಡುಗೆಮನೆಯಿಂದ ಹುಳಿ ಬಂದ ಹಿಟ್ಟಿನ ವಾಸನೆ ಬರುತ್ತಿತ್ತು. ನೋಡಲೆಂದು ಎದ್ದ ಸುಮೀನಾಳನ್ನು ಅಂಕಲ್ ಗದರಿಸಿ ಕೂರಿಸಿದರು.

"ಆ ಮುಚ್ಚಳ ಮುಟ್ಟಬೇಡ ಮಾರಾಯ್ತಿ. ಯಾಕೆ ಅಂತ ಹೇಳ್ತೇನೆ, ಕ್ಲಾರಾ ಬರುವ ಮುಂಚೆ ಕೇಳಿ ಮುಗಿಸಿ...

"ಆಗ ನಾನು ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಹತ್ತಿರ ಒಂದು ಹೋಟೆಲಿನ ಬಾರ್ ನೋಡಿಕೊಳ್ತಿದ್ದೆ, ಕ್ಲಾರಾಳ ತಮ್ಮ ವಿಲ್ಸನ್ ನನ್ನ ಕೈಕೆಳಗೆ. ಜಪಾನಿ ಊಟದ ರೆಸ್ಟೋರೆಂಟ್ ಶುರು ಮಾಡ್ತೇವೆ, ಸಾಕೆ ಮಾಡುವುದನ್ನು ನೋಡಿಕೊಂಡು ಬನ್ನಿ ಅಂತ ನಮ್ಮಿಬ್ಬರನ್ನು ಜಪಾನಿಗೇ ಕಳಿಸಿದ್ರು. ಸಾಕೆ ಅಂದ್ರೆ ಎಂಥ, ಅಕ್ಕಿಯ ಮದ್ಯ... ತೌಫೀಕ್, ನೀನು ಬೇಕಾದ್ರೆ ಮೂಗು ಮುಚ್ಚಿಕೊಂಡು ಕೇಳು. ತಲೆಮಾರುಗಳ ಹಳೇ ಮರದ ಮನೆ, ಒಳಗೆ ಆಳೆತ್ತರ ಮೀರಿದ ಕೊಪ್ಪರಿಗೆಗಳು, ಅಟ್ಟ ಹತ್ತಿ ಮೇಲಿಂದ ನೋಡ್ಬೇಕು. ಅಲ್ಲಿನ ಮುದಿ ಯಜಮಾನ ಮೇಣದಬತ್ತಿ ಹಚ್ಚಿ ದಾರ ಕಟ್ಟಿ ಒಳಗೆ ಇಳಿಸಿದ. ಪಕ್ಕನೆ ಆರಿತು. ಅಲ್ಲಿ ಉಸಿರಾಡುವ ಗಾಳಿ ಇಲ್ಲ, ಬಗ್ಗಬೇಡಿ ಅಂದ. ಊರಲ್ಲಿ ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡ್ತೇವಲ್ಲ, ನಮಗೆ ಗೊತ್ತಿಲ್ಲದ್ದಾ ಅದು?

"ಆದ್ರೆ ವಾಸನೆ... ಅದು ನಮ್ಮ ಸಾನ್ನಾ ಉಂಟಲ್ಲ, ಇಡ್ಲಿಯ ಹಾಗಿನದ್ದು, ಅದಕ್ಕೆ ಶೇಂದಿ ಹಾಕಿ ಉಬ್ಬಿಸಿದ ಹಿಟ್ಟಿನ ವಾಸನೆಯೇ. ಆ ವರ್ಷ ವಿಲ್ಸನನ ತಾಯಿ ತೀರಿಕೊಂಡಿದ್ರು. ರಜೆ ಸಿಗ್ಲಿಲ್ಲ, ಮಣ್ಣು ಕೊಡ್ಲಿಕ್ಕೂ ಹೋಗ್ಲಿಕ್ಕಾಗ್ಲಿಲ್ಲ, ಪಾಪ. 'ಭಾವಾ, ಅಮ್ಮನ ಅಡುಗೆಮನೆ' ಅಂತ ಬಗ್ಗಿದ... ಬಗ್ಗಿದವ ಜಾರಿದ. ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದೆ. 'ಬಿಡ್ಬೇಡಿ ಭಾವಾ' ಅಂದ. ನನ್ನ ಉಸಿರೂ ಕಟ್ಟಿತು, ಕಣ್ಣಿಗೆ ಕತ್ತಲೆ ಬಂತು, ಜೀವಭಯ ಮಾರಾಯ್ರೇ... ಬಿಟ್ಟೆ. ಕ್ಲಾರಾಳಿಗೆ ಮಾತ್ರ, ಅಂಗಿ ಹರಿದುಹೋಯ್ತು ಅಂತ ಹೇಳಿದೆ.

"ವಿಲ್ಸನ್ ತೀರಿಹೋದ ತಿಂಗಳಿನ ಪೂಜೆಗೆ ಅವಳು ಸಾನ್ನಾಕ್ಕೆ ಹಿಟ್ಟು ಇಟ್ಟಿದ್ದಳು. ಎಷ್ಟು ಉಬ್ಬಿದೆ ಅಂತ ಮುಚ್ಚಳ ತೆಗೆದೆ ನೋಡಿ, ಒಳಗಿಂದ ಅವನದೇ ಸ್ವರ: 'ಭಾವಾ, ಹಿಡ್ಕೊಂಡಿದ್ದೀರಲ್ಲ?' ಏನು ಹೇಳಲಿ? ಹಿಡ್ಕೊಂಡಿದ್ದೇನೆ ಅಂದೆ. ಸುಮ್ಮನಾದ. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಹಿಟ್ಟಿನ ಮುಚ್ಚಳ ತೆಗೆಯುವುದು ನಾನೇ. ಮುದುಕನಿಗೆ ಮರುಳು ಅಂತ ಅವಳು ನಗ್ತಾಳೆ. ನಗಲಿ. ಅವಳ ಕಿವಿಗೆ ಬೀಳದಿದ್ರೆ ಸಾಕು... ಅವಳೂ ಬಿಟ್ಟುಹೋದ್ರೆ ನನಗೆ ಯಾರುಂಟು?"

ಅಂಕಲ್ ಅಳುತ್ತಿದ್ದರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೌಫೀಕ್ ಎದ್ದು ತೆರೆದ. ಬಾಣಂತಿಯನ್ನು ಎದುರಿನ ಫ್ಲ್ಯಾಟಿನಲ್ಲಿ ಬಿಟ್ಟು ಒದ್ದೆಯಾಗಿ ಒಳಬಂದ ಆಂಟಿ, ಹಿಟ್ಟು ಉಕ್ಕಿರಬೇಕು ಎನ್ನುತ್ತ ನೇರ ಅಡುಗೆಮನೆಗೆ ನಡೆದರು. ಅಂಕಲ್ ಗೋಡೆ ಹಿಡಿದು ಏಳುವಷ್ಟರಲ್ಲಿ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ನಮಗೆ ಕೇಳಿಸಿದ್ದು ಮಳೆಯ ಸದ್ದೊಂದೇ.

ಆಂಟಿ ಬಂದು ಬಾಗಿಲಲ್ಲಿ ನಿಂತರು.

"ಅಂಗಿ ಹರಿಯಲೇ ಇಲ್ಲವಂತೆ," ಎಂದರು. "ಹೌದಾ?"

ಅಂಕಲ್ ನನ್ನ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ನೀವು ಯಾರೂ ಹೇಳಿಲ್ಲ... ಹೇಳ್ಲಿಕ್ಕೆ ಹೊತ್ತಾದರೂ ಎಲ್ಲಿತ್ತು? ಹೋಗಿ ಮಾರಾಯ್ರೇ, ಯಾರಾದ್ರೂ ಆ ಮುಚ್ಚಳ ಹಾಕಿ. ಅವನಿನ್ನೂ ಮಾತಾಡ್ತಾ ಇದ್ದಾನೆ... ನಿಮಗೆ ಕೇಳಿಸ್ತಾ ಇಲ್ವಾ?"