ಸರೋವರಕ್ಕೆ ಹೊಲಿದ ಬೂಟು

ನಡುವೆ ನಗುವವರಿದ್ದರೆ ಈಗಲೇ ಎದ್ದು ಹೋಗಿ. ಆಮೇಲೆ ನನಗೆ ಕೋಪ ಬರುತ್ತದೆ. ಇದು ಎಲ್ಲೋ ಓದಿದ್ದಲ್ಲ, ನನ್ನ ದೊಡ್ಡಪ್ಪನ ಇಬ್ಬರು ಗಂಡುಮಕ್ಕಳಿಗೆ ಆದದ್ದು. ಆಗ ನಾನು ಅವರಲ್ಲಿ ದೊಡ್ಡವನ ಮನೆಯ ಮಹಡಿಯಲ್ಲೇ ಇದ್ದೆ.

ರಾತ್ರಿ ಹನ್ನೊಂದೂವರೆ ಆಗಿತ್ತು. ಅಣ್ಣ ತನ್ನ ತಮ್ಮನ ಕೋಣೆಯಿಂದ ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲೊಂದು ಹಳೇ ಬಾವಿ. ಯಾರೂ ನೀರು ಸೇದುತ್ತಿರಲಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದರು. ಬಾವಿ ದಾಟಿ ಹತ್ತು ಹೆಜ್ಜೆ ಇಟ್ಟಿರಬಹುದು... ಹಿಂದಿನಿಂದ ಸದ್ದು.

ಕಿರ್ರ್... ಟಪ್. ಕಿರ್ರ್... ಟಪ್.

ನೀವೋ ನಾನೋ ಆಗಿದ್ದರೆ ಯಾವುದೋ ನಾಯಿ ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಅಣ್ಣ ಬೂಟು ಹೊಲಿಯುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಬೀದಿಯಲ್ಲಿ ಯಾರು ನಡೆದರೂ ತಲೆ ಎತ್ತದೆ ಹೇಳುತ್ತಿದ್ದ, 'ಔಷಧಿ ಅಂಗಡಿಯವನು, ಎಡಗಾಲಿನ ಹಿಮ್ಮಡಿ ಸವೆದಿದೆ' ಅಂತ. ಆ ಸದ್ದೂ ಅವನಿಗೆ ತಕ್ಷಣ ತಿಳಿಯಿತು. ಕಿರ್ರ್ ಅನ್ನುವುದು ಹೊಸ ಚರ್ಮ. ಟಪ್ ಅನ್ನುವುದು ಬರಿಗಾಲು. ಯಾರೋ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬರುತ್ತಿದ್ದಾರೆ. ಬಲಗಾಲನ್ನು ತುಸು ಹೊರಕ್ಕೆ ಎಸೆದು ನಡೆಯುತ್ತಿದ್ದಾರೆ. ಹಾಗೆ ನಡೆಯುತ್ತಿದ್ದವನು ಒಬ್ಬನೇ, ಅವನ ತಮ್ಮ.

ತಿರುಗಿ ನೋಡಿದ. ಬೀದಿ ಖಾಲಿ.

"ಅಣ್ಣಾ..." ಕಿವಿಯ ಹತ್ತಿರವೇ. "ಇನ್ನೊಂದೆಲ್ಲಿ?"

ಅಣ್ಣ ಕಾಲಿಗೆ ಬುದ್ಧಿ ಹೇಳಿದ. ಮನೆಯ ಕಡೆಗಲ್ಲ, ತಮ್ಮನ ಕೋಣೆಯ ಕಡೆಗೆ. ಬಾಗಿಲು ತಳ್ಳಿ ಒಳಗೆ ಹೋದರೆ ತಮ್ಮ ಗೊರಕೆ ಹೊಡೆಯುತ್ತಿದ್ದಾನೆ. ಕಂಬಳಿ ಸರಿಸಿ ಪಾದ ಮುಟ್ಟಿ ನೋಡಿದ. ಬೆಚ್ಚಗಿತ್ತು. ಆದರೂ ಅಣ್ಣನಿಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಆ ತಮ್ಮನಿಗಾಗಿ ಅವನು ಒಂದು ಜೊತೆ ಬೂಟು ಹೊಲಿಯುತ್ತಿದ್ದ. ಎಡಗಾಲಿನದು ಅವತ್ತು ಸಂಜೆಯಷ್ಟೇ ಮುಗಿದಿತ್ತು. ಬಲಗಾಲಿನದು ಇನ್ನೂ ಬರೀ ಚರ್ಮದ ತುಂಡು.

ಆ ಬೂಟು ಯಾಕೆ ಅನ್ನುವುದನ್ನು ಹೇಳಬೇಕು. ತಮ್ಮ ಅಂಚೆಯವನು. ಬೀದಿಯವರೆಲ್ಲ ಅವನನ್ನು ಟಪಾಲು ಅಂತಲೇ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಅಂಚೆ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸರೋವರದ ಚಿತ್ರ ನೋಡಿ ಅವನಿಗೆ ಅದರ ಹುಚ್ಚು ಹಿಡಿಯಿತು. ದಟ್ಟ ಕಾಡಿನ ಒಳಗಿನ ಸರೋವರ. ಬಸ್ಸು ನಿಲ್ಲುವಲ್ಲಿಗೆ ರಸ್ತೆ ಮುಗಿಯುತ್ತದೆ, ಅಲ್ಲಿಂದ ಮೂರು ದಿನ ನಡಿಗೆ. ದಡದ ಸುತ್ತ ಮಂಡಿಯುದ್ದ ಕೆಸರು. ಒಂದು ಗುಡಿಸಲೂ ಇಲ್ಲ, ನರಪಿಳ್ಳೆಯೂ ಇಲ್ಲ. ಇಬ್ಬರೂ ಒಂದು ವರ್ಷ ಅದನ್ನೇ ಮಾತಾಡಿದರು. ಇಬ್ಬರೂ ಮದುವೆಯಾದವರಲ್ಲ, ಬೇಡ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ. ಚರ್ಮ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ ಎಲ್ಲಿ ಮಲಗುವುದು, ಎಷ್ಟು ಹಿಟ್ಟು ಹೊರುವುದು, ಬೆಂಕಿಪೊಟ್ಟಣ ಒದ್ದೆಯಾಗದ ಹಾಗೆ ಯಾವುದರಲ್ಲಿ ಸುತ್ತುವುದು ಅಂತ ರಾತ್ರಿಯೆಲ್ಲ ವಾದ. ರಜೆ ಸಿಗುವ ಮೊದಲೇ ಚೀಲ ಕಟ್ಟಿಟ್ಟಿದ್ದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಿದ್ದೀರಲ್ಲ" ಅಂತ ನಾನೇ ಎಷ್ಟೋ ಸಲ ರೇಗಿಸಿದ್ದೆ.

ಟಪಾಲು ನಗುತ್ತಿದ್ದ. "ಹದಿನಾಲ್ಕು ವರ್ಷದಿಂದ ಬೇರೆಯವರ ವಿಳಾಸಕ್ಕೇ ನಡೀತಿದ್ದೀನಿ. ಒಂದ್ಸಲ ನನಗೆ ಬೇಕಾದ ವಿಳಾಸಕ್ಕೆ ಹೋಗ್ತೀನಿ, ಬಿಡು."

ಬಾವಿಯ ಹತ್ತಿರ ಸದ್ದು ಕೇಳಿದ ಮರುದಿನ ಬೆಳಿಗ್ಗೆ ಅಣ್ಣ ಅಂಗಡಿಯ ಬಾಗಿಲು ಹಾಕಿಕೊಂಡು, ಮುಗಿದಿದ್ದ ಎಡಗಾಲಿನ ಬೂಟನ್ನು ಬಿಚ್ಚಿಹಾಕಿದ. ಹೊಲಿಗೆ ಹೊಲಿಗೆಯಾಗಿ ಬಿಚ್ಚಿದ. ಬೂಟು ಹೊಲಿಯುವವನ ಲೆಕ್ಕಾಚಾರ ನೋಡಿ, ಬೂಟೇ ಇಲ್ಲದಿದ್ದರೆ ಪ್ರಯಾಣವೂ ಇಲ್ಲ ಅಂತ. ಆಮೇಲೆ ತಮ್ಮನನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿದವನು ಅವನೇ, ಅವನು ಅತ್ತದ್ದನ್ನು ತಮ್ಮ ಒಮ್ಮೆಯೂ ನೋಡಿರಲಿಲ್ಲ. ಟಪಾಲು ಮೇಜಿನ ಮೇಲಿದ್ದ ನಕ್ಷೆ ಎತ್ತಿಕೊಂಡ. ಆಮೇಲೆ ಅದನ್ನು ಮಡಿಸಿ ಅಣ್ಣನ ಕೈಗೆ ಕೊಟ್ಟ.

"ಹೋಗಲ್ಲ ಬಿಡು. ನೀನು ನಿದ್ದೆ ಮಾಡು ಸಾಕು."

ಅವತ್ತೇ ತನ್ನ ಕೋಣೆ ಬಿಟ್ಟು ಅಣ್ಣನ ಮನೆಗೆ ಬಂದ. ಬಿಚ್ಚಿಟ್ಟ ಚೀಲದ ಹಿಟ್ಟಿನಲ್ಲಿ ರೊಟ್ಟಿ ಮಾಡಿ ಮೂವರೂ ತಿಂದೆವು. ಒಂದು ವಾರ ಏನೂ ಇಲ್ಲ. ನಾನಂತೂ ಬಾವಿಯ ಸುದ್ದಿ ತೆಗೆದು ಅಣ್ಣನನ್ನು ಗೋಳುಹೊಯ್ದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೊರಡಬೇಕು ಅಂತ ಗೊತ್ತುಮಾಡಿದ್ದ ದಿನ ಬಂತು. ಟಪಾಲು ಎಂದಿನಂತೆ ಕಾಗದ ಹಂಚಿ ಬಂದು, ಉಂಡು ಮಲಗಿದ. ನಡುರಾತ್ರಿ ನನಗೆ ಎಚ್ಚರವಾಯಿತು. ಕೆಳಗಡೆ ಸುತ್ತಿಗೆ ಸದ್ದು. ಟಕ್, ಟಕ್, ಟಕ್... ನಿಲ್ಲುತ್ತದೆ... ಮತ್ತೆ ಟಕ್, ಟಕ್. ಇಳಿದು ಹೋದೆ. ಅಣ್ಣ ದೀಪ ಹಚ್ಚಿಕೊಂಡು ಬೂಟಿನ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ. ಪಕ್ಕದ ಚಾಪೆಯಲ್ಲಿ ತಮ್ಮನಿಗೆ ಒಳ್ಳೆ ನಿದ್ದೆ.

"ಏನ್ಮಾಡ್ತಿದ್ದೀಯ?" ಪಿಸುಗುಟ್ಟಿದೆ.

"ಹೊರಟುಬಿಟ್ಟಿದ್ದಾನೆ."

"ಯಾರು? ಇಲ್ಲೇ ಮಲಗಿದ್ದಾನಲ್ಲ."

"ಬೀದೀಲಿ ಹೋದ. ಎರಡೂ ಬರಿಗಾಲು. ಕಲ್ಲು ಚುಚ್ತಿದೆ ಅಣ್ಣಾ ಅಂದ..." ದಾರ ಹಲ್ಲಿನಲ್ಲಿ ಕಚ್ಚಿ ಎಳೆದ. "ಬೂಟು ಬಿಚ್ಚಿದ್ದು ನಾನು. ಅದಕ್ಕೆ ಹಾಗೇ ಹೋಗ್ತಿದ್ದಾನೆ."

ಅವನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳಬೇಕು ಅನಿಸಿತು, ಆಗಲಿಲ್ಲ. ಕೂತು ದೀಪ ಹಿಡಿದುಕೊಂಡೆ. ಹತ್ತು ದಿನದ ಕೆಲಸವನ್ನು ಅವನು ಒಂದೇ ರಾತ್ರಿಯಲ್ಲಿ ಮಾಡಿದ. ಬೆಳಗಿನ ಜಾವ ಎರಡೂ ಬೂಟು ಹೊಸ್ತಿಲ ಹೊರಗೆ ಇಟ್ಟು, ಬೀದಿಯ ಕಡೆಗೆ ಮುಖ ಮಾಡಿ, ಮೆಲ್ಲಗೆ ಅಂದ, "ತಗೋ."

ಬೆಳಗಾದಾಗ ಬೂಟು ಅಲ್ಲೇ ಇತ್ತು. ಟಪಾಲು ಅದನ್ನು ದಾಟಿಕೊಂಡು ಹಳೇ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದ. "ಈಗ್ಯಾಕೆ ಹೊಲಿದೆ?" ಅಂತ ಕೇಳಿದ, ಅಷ್ಟೇ. ಅಣ್ಣ ಬೂಟನ್ನು ಒಳಗೆ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಎರಡನೇ ರಾತ್ರಿ ನಾನೂ ಕೆಳಗೇ ಮಲಗಿದೆ. ಒಂದು ಗಂಟೆಯ ಮೇಲೆ... ಅಣ್ಣ ನನ್ನ ಮುಂಗೈ ಹಿಡಿದ. ಕೇಳಿಸಿಕೊ ಅನ್ನುವ ಹಾಗೆ. ನನಗೆ ಕೇಳಿಸಿತು. ಕಿರ್ರ್, ಕಿರ್ರ್. ಕಿರ್ರ್, ಕಿರ್ರ್. ಎರಡೂ ಕಾಲಿಗೆ ಹೊಸ ಚರ್ಮ. ಬೀದಿಯ ತುದಿಯ ಆಚೆ, ದೂರ, ಇನ್ನೂ ದೂರ. ಕಪಾಟಿನ ಬೀಗ ಹಾಕಿದ್ದ ಹಾಗೇ ಇತ್ತು. ನಾನು ಅಣ್ಣನನ್ನು ಗೋಳುಹೊಯ್ದುಕೊಂಡದ್ದು ಅಲ್ಲಿಗೆ ಮುಗಿಯಿತು.

ಮರುದಿನ ಟಪಾಲು ಕೆಲಸದಿಂದ ಬೇಗ ಬಂದ. "ಮೈಯೆಲ್ಲ ನಡೆದೂ ನಡೆದೂ ಸಾಕಾದ ಹಾಗಿದೆ" ಅಂದ. ವೈದ್ಯರು ಬಂದರು. ನಾಡಿ ಹಿಡಿದರು, ಎದೆ ನೋಡಿದರು, ಬರೀ ಆಯಾಸ, ಮಲಗಿಸಿ ಅಂದರು. ಮಲಗಿಸಿದೆವು. ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಮೇಜು ಒತ್ತಿಟ್ಟೆವು. ಅಣ್ಣ ತಮ್ಮನ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತ. ಆ ರಾತ್ರಿ ಹೊರಗೆ ಯಾವ ಸದ್ದೂ ಇಲ್ಲ. ಗಡಿಯಾರದ ಸದ್ದೊಂದೇ. ನಾಲ್ಕು ಗಂಟೆಗೆ ಪಾದ ತಣ್ಣಗಾಗುತ್ತ ಬಂತು. ಅಣ್ಣ ಉಜ್ಜಿದ. ನಾನು ಕಂಬಳಿ ತಂದೆ, ಬಿಸಿನೀರಿನ ಸೀಸೆ ತಂದೆ. ಇಬ್ಬರು ಗಟ್ಟಿಮುಟ್ಟಾದ ಗಂಡಸರು ಒಬ್ಬನನ್ನು ಹಿಡಿದಿಟ್ಟುಕೊಳ್ಳಲಾರದೆ ಒದ್ದಾಡಿದೆವು.

ಕಿಟಕಿ ಬೆಳ್ಳಗಾಗುವಾಗ ಟಪಾಲು ಕಣ್ಣು ಬಿಡದೆಯೇ ಮಾತಾಡಿದ.

"ಕಾಲು ಬಿಡು ಅಣ್ಣಾ... ನೀರು ಕಾಣ್ತಿದೆ."

"ಬಿಡಲ್ಲ."

"ಎಷ್ಟು ಚೆನ್ನಾಗಿದೆ ಗೊತ್ತಾ... ಬಿಡು."

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಅವನು ಬೆರಳು ಒಂದೊಂದಾಗಿ ಸಡಿಲಿಸಿದ. ಅದನ್ನು ನೆನೆದು ಇವತ್ತಿಗೂ ಅವನು ತನ್ನನ್ನೇ ಬೈದುಕೊಳ್ಳುತ್ತಾನೆ. ಆದರೆ ಹಿಡಿದಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ ಅಂತ ನನಗೆ ಗೊತ್ತು.

ವೈದ್ಯರು ಮತ್ತೆ ಬಂದು ಹೃದಯ ನಿಂತಿದೆ ಅಂತ ಬರೆದುಕೊಟ್ಟರು. ಹೊದಿಕೆ ಸರಿಮಾಡಲು ಹೋದವನು ನಾನು. ಆಗ ಹಿಮ್ಮಡಿ ನೋಡಿದೆ. ಹದಿನಾಲ್ಕು ವರ್ಷ ನಡೆದ ಅಂಚೆಯವನ ಹಿಮ್ಮಡಿ, ಮರದ ತುಂಡಿನಷ್ಟು ಗಟ್ಟಿ. ಅದರ ಮೇಲ್ಗಡೆ, ಎರಡೂ ಕಾಲಿನಲ್ಲಿ, ದೊಡ್ಡ ಬೊಬ್ಬೆ. ಎದ್ದು, ಒಡೆದು, ಒಣಗಿ, ಅಂಚಿನಲ್ಲಿ ಎಳೆಯ ಚರ್ಮ ಬರುತ್ತಿತ್ತು. ಹಿಂದಿನ ರಾತ್ರಿಯೆಲ್ಲ ನಾವು ಹಿಡಿದು, ಉಜ್ಜಿದ ಪಾದ ಅದು. ಆಗ ಅಲ್ಲಿ ಏನೂ ಇರಲಿಲ್ಲ. ಏನೂ.

ಅಣ್ಣ ಬಗ್ಗಿ ನೋಡಿದ. ಹೆಬ್ಬೆರಳಿನಿಂದ ಅದರ ಸುತ್ತ ಮೆಲ್ಲಗೆ ಸವರಿದ.

"ಬೂಟು ಕಚ್ಚಿದೆ" ಅಂದ. "ಹೊಸದನ್ನ ಹತ್ತು ದಿನ ಮನೇಲಿ ಹಾಕಿಸಿ ಪಳಗಿಸ್ಬೇಕಿತ್ತು. ಹಾಗೇ ಕೊಟ್ಟುಬಿಟ್ಟೆ."

ಅದನ್ನು ಈ ಕಣ್ಣಲ್ಲಿ ಕಂಡಿದ್ದೇನೆ, ಈ ಕೈಯಲ್ಲಿ ಮುಟ್ಟಿದ್ದೇನೆ. ಮೂರು ದಿನ ನಡೆದ ಕಾಲಿನ ಬೊಬ್ಬೆ ಅದು.